ದೋಣಿಯ ಹುಡುಗ, ಹುಲ್ಲಿನ ಮೇಲೆ ಮಲಗಿದವನು, ಅಂಗಳದ ತಿಮಿಂಗಿಲ

ಪ್ರಶ್ನೆ: 1985ರ ಸುಮಾರಿಗೆ ನಾನು ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದೆ. ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ವಿಜ್ಞಾನದ ಮೇಷ್ಟ್ರು ಕಿಟಕಿಗಳಿಗೆ ಕಂಬಳಿ ಕಟ್ಟಿಸಿ, ಗೋಡೆಗೆ ಬಿಳಿ ಪಂಚೆ ಬಿಗಿದು, ಪ್ರೊಜೆಕ್ಟರಿನಲ್ಲಿ ಒಂದು ಸಿನಿಮಾ ತೋರಿಸಿದರು. ಒಬ್ಬ ಹುಡುಗ ದೋಣಿ ನಡೆಸುತ್ತಿರುತ್ತಾನೆ, ದೋಣಿಯಲ್ಲಿ ಒಂದು ನಾಯಿ. ನದಿಯ ನೀರೆಲ್ಲ ಗುಲಾಬಿ ಬಣ್ಣ. ಕ್ಯಾಮೆರಾ ಮೇಲೆ ಮೇಲೆ ಹೋಗಿ ಭೂಮಿ, ಚಂದ್ರ, ನಕ್ಷತ್ರ ಎಲ್ಲ ದಾಟುತ್ತದೆ. ಹಾಗೆ ಹೋಗುವಾಗ ಒಂದು ನಕ್ಷತ್ರ ಕಂದು ಬಣ್ಣಕ್ಕೆ ತಿರುಗಿ, ಗುಳ್ಳೆ ಗುಳ್ಳೆಯಾಗಿ ಸಿಡಿಯುತ್ತದೆ. ಆಮೇಲೆ ವಾಪಸ್ ಬಂದು ಕೈಯ ಒಳಗೆ ಇಳಿಯುತ್ತದೆ. ಕೈ ಮೇಲೆ ಸೊಳ್ಳೆ. ಆದರೆ ಆ ಕೈ ಹುಡುಗನದೋ, ಹಸಿರು ಹುಲ್ಲಿನ ಮೇಲೆ ಮಲಗಿದ್ದ ಒಬ್ಬ ದೊಡ್ಡ ಮನುಷ್ಯನದೋ ಗೊತ್ತಾಗುತ್ತಿಲ್ಲ. ಇಬ್ಬರೂ ನೆನಪಿದ್ದಾರೆ. ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಏನೋ ವಿವರಿಸುತ್ತಿದ್ದ ಹಾಗೆ ನೆನಪು, ಮಾತೇ ಇರಲಿಲ್ಲ ಅಂತಲೂ ನೆನಪು. ಕೊನೆಗೆ ಹುಡುಗ ಮತ್ತೆ ಹುಟ್ಟು ಹಾಕುತ್ತಾನೆ. ಇನ್ನೊಂದು ವಿಚಿತ್ರ: ಮಧ್ಯೆ ಎಲ್ಲೋ ಒಂದು ಶಾಲೆಯ ಅಂಗಳದಲ್ಲಿ ತಿಮಿಂಗಿಲ ಮಲಗಿತ್ತು. ಇದನ್ನು ಹೇಳಿದರೆ ಮನೆಯಲ್ಲಿ ನಗುತ್ತಾರೆ. ಇಂಥದ್ದೊಂದು ಸಿನಿಮಾ ನಿಜವಾಗಿ ಇದೆಯಾ, ಅಥವಾ ಎಲ್ಲ ನನ್ನ ಕಲ್ಪನೆಯಾ?

ಉತ್ತರ: ಕಲ್ಪನೆ ಅಲ್ಲ. ನೀವು ಬರೆದದ್ದರಲ್ಲಿ ಕಟ್ಟಿಕೊಂಡ ಮಾತು ಒಂದೂ ಇಲ್ಲ. ಒಂದೇ ಒಂದು ಕಡೆ ಲೆಕ್ಕ ತಪ್ಪಿದೆ: ನೀವು ನೋಡಿದ್ದು ಒಂದು ಸಿನಿಮಾ ಅಲ್ಲ, ಎರಡು. ತಿಮಿಂಗಿಲ ಮಾತ್ರ ಎರಡರಲ್ಲೂ ಇಲ್ಲ. ಆದರೆ ಅದೂ ಇದೆ, ಅದರ ವಿಷಯಕ್ಕೆ ಕೊನೆಗೆ ಬರುತ್ತೇನೆ.

ನಾನು ಭೌತವಿಜ್ಞಾನ ಪಾಠ ಮಾಡಿದವನು. ಶಾಲೆಯ 16 ಎಂಎಂ ಪ್ರೊಜೆಕ್ಟರ್ ಬಹಳ ವರ್ಷ ನನ್ನ ಕೈಯಲ್ಲೇ ಇತ್ತು. ‘ಚಿಕ್ಕಂದಿನಲ್ಲಿ ಒಂದು ಸಿನಿಮಾ ನೋಡಿದ್ದೆ ಸಾರ್, ಹೆಸರು ಗೊತ್ತಿಲ್ಲ’ ಅಂತ ಕೇಳಿಕೊಂಡು ಬರುವವರಿಗೆ ಈಗಲೂ ಹುಡುಕಿಕೊಡುತ್ತೇನೆ. ಇಷ್ಟು ದಿನದಲ್ಲಿ ನಾನು ಕಂಡುಕೊಂಡಿದ್ದು ಒಂದೇ. ಜನ ತಮ್ಮ ನೆನಪಿನಲ್ಲಿ ಒಂದಕ್ಕೊಂದು ಹೊಂದದ ಚೂರುಗಳನ್ನು ನಾಚಿಕೊಂಡು ಬದಿಗಿಡುತ್ತಾರೆ. ಹೊಂದುವಷ್ಟನ್ನು ಮಾತ್ರ ಹೇಳುತ್ತಾರೆ. ಹುಡುಕುವವನಿಗೆ ಬೇಕಾಗಿರುವುದು ಆ ಹೊಂದದ ಚೂರುಗಳೇ. ನೀವು ನಾಚಿಕೊಳ್ಳದೆ ತಿಮಿಂಗಿಲವನ್ನೂ ಬರೆದಿರಿ ನೋಡಿ, ಅದಕ್ಕೇ ಈ ಕೆಲಸ ಸುಲಭವಾಯಿತು.

ಮೊದಲು ದೋಣಿ. ಅದು ‘ಕಾಸ್ಮಿಕ್ ಝೂಮ್’. 1968ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಮಾಡಿದ್ದು, ನಿರ್ದೇಶನ ಈವಾ ಸಾಸ್ ಅವರದು. ಸುಮಾರು 8 ನಿಮಿಷದ ಚಿತ್ರ. ಹುಡುಗ ಮತ್ತು ನಾಯಿ ಹೋಗುತ್ತಿರುವುದು ಒಟ್ಟಾವಾ ನದಿಯಲ್ಲಿ. ಮೇಲಿನಿಂದ ನೋಡಿದ ಹಾಗೆ ದೋಣಿ ಕಾಣುತ್ತದೆ. ಒಂದು ಕ್ಷಣಕ್ಕೆ ಎಲ್ಲ ನಿಂತುಬಿಡುತ್ತದೆ. ನೀರು, ಹುಟ್ಟು, ನಾಯಿ ಎಲ್ಲ. ನಿಂತ ಆ ಕ್ಷಣದಿಂದ ಕ್ಯಾಮೆರಾ ಮೇಲೇಳಲು ಶುರುಮಾಡುತ್ತದೆ. ಅಲ್ಲಿಂದ ಮುಂದೆ ಕಾಣುವುದೆಲ್ಲ ಕೈಯಲ್ಲಿ ಬರೆದ ಚಿತ್ರಗಳು. ನದಿ, ಊರು, ಖಂಡ, ಭೂಮಿ, ಗ್ರಹಗಳು, ನಮ್ಮ ಹಾಲುಹಾದಿ, ಅದರಾಚೆ. ಅಷ್ಟು ದೂರ ಹೋಗಿ ಹಾಗೇ ವಾಪಸ್ ಇಳಿದು, ಹುಡುಗನ ಕೈ ಮೇಲೆ ಕೂತ ಸೊಳ್ಳೆಯ ಹತ್ತಿರ ಬಂದು, ಒಳಗೆ ಒಳಗೆ ಹೋಗಿ ಪರಮಾಣುವಿನ ಬೀಜದವರೆಗೆ ಮುಟ್ಟುತ್ತದೆ. ಅಲ್ಲಿಂದ ಮತ್ತೆ ಹೊರಗೆ ಬಂದು ಹುಡುಗನ ಹತ್ತಿರ ನಿಲ್ಲುತ್ತದೆ. ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ, ಬರೀ ಸಂಗೀತ.

‘ಮಾತೇ ಇರಲಿಲ್ಲ’ ಅನ್ನುವ ನಿಮ್ಮ ನೆನಪು ಇಲ್ಲಿಯದು. ಸೊಳ್ಳೆ ಇಲ್ಲಿಯದು. ‘ಕೊನೆಗೆ ಹುಡುಗ ಮತ್ತೆ ಹುಟ್ಟು ಹಾಕುತ್ತಾನೆ’ ಅಂದಿರಲ್ಲ, ಅದೂ ಇಲ್ಲಿಯದೇ. ಈ ಕೊನೆಯ ಗುರುತು ಬಹಳ ಮುಖ್ಯ. ಯಾಕೆ ಅಂದರೆ ಇನ್ನೊಂದು ಚಿತ್ರ ಹೊರಟ ಜಾಗಕ್ಕೆ ತಿರುಗಿ ಬಂದು ಮುಗಿಯುವುದಿಲ್ಲ.

ಆ ಇನ್ನೊಂದು, ಹುಲ್ಲಿನ ಮೇಲೆ ಮಲಗಿದವನದು, ‘ಪವರ್ಸ್ ಆಫ್ ಟೆನ್’. ಅಂದರೆ ಹತ್ತರ ಘಾತಗಳು. 1977ರಲ್ಲಿ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿ ಐಬಿಎಂ ಕಂಪನಿಗಾಗಿ ಮಾಡಿದ್ದು. ಸುಮಾರು 9 ನಿಮಿಷ. ಶಿಕಾಗೋದಲ್ಲಿ ಸರೋವರದ ದಡದ ಒಂದು ಉದ್ಯಾನ. ಅಕ್ಟೋಬರ್ ತಿಂಗಳ ಸೋಮಾರಿ ಮಧ್ಯಾಹ್ನ. ಗಂಡು ಹೆಣ್ಣು ಇಬ್ಬರು ಬುತ್ತಿ ಕಟ್ಟಿಕೊಂಡು ಬಂದು ಹುಲ್ಲಿನ ಮೇಲೆ ಹಚ್ಚಡ ಹಾಸಿದ್ದಾರೆ. ಊಟ ಆಗಿ ಅವನಿಗೆ ನಿದ್ದೆ ಹತ್ತಿದೆ. ವಿವರಿಸುವ ದನಿ ಫಿಲಿಪ್ ಮಾರಿಸನ್ ಅವರದು. ಅವರು ನಟ ಅಲ್ಲ, ಭೌತವಿಜ್ಞಾನಿ. ಅವರ ಮಾತಿನಲ್ಲಿ ಅವಸರ ಇಲ್ಲ. ಎದುರಿಗೆ ಕೂತವರಿಗೆ ಅರ್ಥವಾಯಿತಾ ಅಂತ ನೋಡಿಕೊಂಡು ಮುಂದೆ ಹೋಗುವ ಮೇಷ್ಟ್ರ ದನಿ ಅದು. ನಲವತ್ತು ವರ್ಷ ಆದರೂ ನಿಮ್ಮ ಕಿವಿಯಲ್ಲಿ ಉಳಿದಿದೆ ಅಂದರೆ ನನಗೆ ಆಶ್ಚರ್ಯವಿಲ್ಲ.

ಈಮ್ಸ್ ದಂಪತಿಯೇ ಇದಕ್ಕೆ ಮೊದಲು, 1968ರಲ್ಲಿ, ಇದೇ ವಿಷಯದ ಮೇಲೆ ಒಂದು ಕಚ್ಚಾ ಚಿತ್ರ ಮಾಡಿದ್ದರು. ಅದರಲ್ಲಿ ಹೆಣ್ಣು ದನಿ ಇದೆ, ಪರದೆಯ ಎಡಗಡೆ ಗಡಿಯಾರಗಳ ಫಲಕ ಇದೆ. ನೀವು ಗಂಡಸಿನ ದನಿ ಅಂದಿದ್ದೀರಿ, ಗಡಿಯಾರದ ಸುದ್ದಿಯೇ ಎತ್ತಿಲ್ಲ. ಹಾಗಾಗಿ 1977ರದ್ದೇ.

ಇದರ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ. ಚಿತ್ರದ ಜೀವ ಇರುವುದೇ ಅಲ್ಲಿ. ಮಲಗಿದವನನ್ನು ಮೊದಲು ಒಂದು ಮೀಟರ್ ದೂರದಿಂದ ನೋಡುತ್ತೇವೆ. ಕಾಣುವ ಚೌಕದ ಅಗಲವೂ ಒಂದು ಮೀಟರ್. ಅಲ್ಲಿಂದ ಪ್ರತಿ 10 ಸೆಕೆಂಡಿಗೆ ದೂರ ಹತ್ತು ಪಟ್ಟು ಆಗುತ್ತದೆ. 10 ಸೆಕೆಂಡಿಗೆ 10 ಮೀಟರ್. 20 ಸೆಕೆಂಡಿಗೆ 100 ಮೀಟರ್. ಅರ್ಧ ನಿಮಿಷಕ್ಕೆ ಒಂದು ಕಿಲೋಮೀಟರ್. 50 ಸೆಕೆಂಡಿಗೆ 100 ಕಿಲೋಮೀಟರ್. ಒಂದು ನಿಮಿಷಕ್ಕೆ ಮಿಶಿಗನ್ ಸರೋವರ ಪೂರ್ತಿ ಒಂದೇ ಚೌಕದೊಳಗೆ ಬಂದಿರುತ್ತದೆ. ಇನ್ನು ಹತ್ತು ಸೆಕೆಂಡಿಗೆ ಇಡೀ ಭೂಮಿ. ಪ್ರತಿ ಹಂತದಲ್ಲೂ ಪರದೆಯ ಮೇಲೆ ಒಂದು ಬಿಳಿ ಗೆರೆಯ ಚೌಕ ಮೂಡುತ್ತದೆ, ಬದಿಯಲ್ಲಿ ಅಂಕಿಗಳು ಬದಲಾಗುತ್ತವೆ. ಆ ಚೌಕ ಹೇಳುವುದು ಏನು ಅಂದರೆ, ಈಗಷ್ಟೇ ಪರದೆ ತುಂಬಾ ಇದ್ದದ್ದು ಈಗ ಇಷ್ಟೇ ಅಂತ.

ಕ್ಲಾಸಿನಲ್ಲಿ ಈ ಚಿತ್ರ ಹಾಕಿದಾಗಲೆಲ್ಲ ನಾನು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ. ಕ್ಯಾಮೆರಾ ಒಂದೇ ವೇಗದಲ್ಲಿ ಹೋಗುತ್ತಿದೆಯಾ? ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಹತ್ತು ಸೆಕೆಂಡಿನಲ್ಲಿ ಹತ್ತು ಪಟ್ಟು ದೂರ ಹೋಗಬೇಕಾದರೆ ವೇಗವೂ ಹತ್ತು ಪಟ್ಟು ಆಗುತ್ತಲೇ ಇರಬೇಕು, ಅಲ್ವಾ? ಯಾವುದೇ ಕ್ಷಣದಲ್ಲಿ ಅದರ ವೇಗ, ಸೆಕೆಂಡಿಗೆ, ಆವರೆಗೆ ಹೋದ ದೂರದ ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ದೂರ ಸುಮಾರು 13 ಲಕ್ಷ ಕಿಲೋಮೀಟರ್ ಆದಾಗ ಕ್ಯಾಮೆರಾ ಬೆಳಕಿನ ವೇಗ ಮುಟ್ಟುತ್ತದೆ. ಚಂದ್ರ ಇರುವುದು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿ. ಚಂದ್ರನ ದಾರಿ ದಾಟಿ ಐದೇ ಸೆಕೆಂಡು ಕಳೆಯುವಷ್ಟರಲ್ಲಿ, ಹೊರಟು ಒಂದೂವರೆ ನಿಮಿಷ ಆಗುವ ಹೊತ್ತಿಗೆ, ನಾವು ಬೆಳಕನ್ನೇ ಹಿಂದೆ ಹಾಕಿರುತ್ತೇವೆ. ಮುಂದಿನ ಎರಡೂವರೆ ನಿಮಿಷ ಯಾವ ವಸ್ತುವೂ ಹೋಗಲಾಗದ ವೇಗದಲ್ಲಿ ಪ್ರಯಾಣ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಮಕ್ಕಳು ‘ಸಾರ್, ಇನ್ನೊಂದು ಸಲ ಹಾಕಿ’ ಅನ್ನುತ್ತಿದ್ದರು. ಎರಡನೇ ಸಲ ಅವರು ಚಂದ್ರನ ದಾರಿಗಾಗಿ ಕಾಯುತ್ತಿದ್ದರು.

ನಾಲ್ಕು ನಿಮಿಷಕ್ಕೆ 10ರ 24ನೇ ಘಾತದಷ್ಟು ಮೀಟರ್, ಅಂದರೆ 1ರ ಮುಂದೆ 24 ಸೊನ್ನೆ. ಅದು 10 ಕೋಟಿ ಜ್ಯೋತಿರ್ವರ್ಷ. ಗೆಲಾಕ್ಸಿಗಳೆಲ್ಲ ಧೂಳಿನ ಕಣದ ಹಾಗೆ. ಅಲ್ಲಿ ಒಂದು ಗಳಿಗೆ ನಿಂತು, ಪ್ರತಿ 2 ಸೆಕೆಂಡಿಗೆ ಒಂದು ಘಾತದಂತೆ ದಡದಡ ಇಳಿದು ಬರುತ್ತದೆ. 24 ಘಾತಕ್ಕೆ 48 ಸೆಕೆಂಡು. ನೇರ ಬಂದು ನಿಲ್ಲುವುದು ಮಲಗಿದವನ ಕೈ ಮೇಲೆ. ಆಮೇಲೆ ಚರ್ಮದೊಳಗೆ. ಬಿಳಿ ರಕ್ತಕಣ, ಅದರೊಳಗೆ ಡಿಎನ್ಎ, ಅದರೊಳಗೆ ಒಂದು ಇಂಗಾಲದ ಪರಮಾಣು, ಅದರ ಬೀಜ, ಬೀಜದೊಳಗೆ ಪ್ರೋಟಾನ್. 10ರ ಮೈನಸ್ 16ನೇ ಘಾತಕ್ಕೆ ಬಂದು ಚಿತ್ರ ಮುಗಿಯುತ್ತದೆ. ಇಲ್ಲಿ ಸೊಳ್ಳೆ ಇಲ್ಲ. ವಾಪಸ್ ಬರುವುದೂ ಇಲ್ಲ. ಮಲಗಿದವನು ಏಳುವುದನ್ನು ನಾವು ನೋಡುವುದೇ ಇಲ್ಲ.

ಈ ಈಮ್ಸ್ ದಂಪತಿಗೂ ನಮಗೂ ಒಂದು ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಭಾರತ ಸರ್ಕಾರ ಕರೆದದ್ದಕ್ಕೆ ಅವರು ಇಲ್ಲಿಗೆ ಬಂದು ಊರೂರು ಸುತ್ತಿ, 1958ರಲ್ಲಿ ಒಂದು ವರದಿ ಬರೆದುಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇಷ್ಟೆಲ್ಲ ಸುತ್ತಿ ಅವರು ಮೆಚ್ಚಿಕೊಂಡದ್ದು ಯಾವುದನ್ನು ಗೊತ್ತಾ? ನಮ್ಮ ಚೊಂಬನ್ನು. ಸೊಂಟದ ಮೇಲೆ ಹೇಗೆ ಕೂರುತ್ತದೆ, ತಲೆಯ ಮೇಲೆ ಹೇಗೆ ನಿಲ್ಲುತ್ತದೆ, ತುಂಬಿದಾಗ ತೂಕ ಎಲ್ಲಿ ಬೀಳುತ್ತದೆ, ಖಾಲಿಯಾದಾಗ ಎಲ್ಲಿ, ತಗುಲಿದರೆ ಹೇಗೆ ಸದ್ದಾಗುತ್ತದೆ, ತಣ್ಣಗಿನ ನೀರು ಹಾಕಿದರೆ ಕೈಗೆ ಹೇಗೆ ಅನ್ನಿಸುತ್ತದೆ. ಇದನ್ನೆಲ್ಲ ಒಬ್ಬ ಮನುಷ್ಯ ಕೂತು ಮಾಡಿದ್ದಲ್ಲ, ತಲೆಮಾರುಗಳು ತಿದ್ದಿ ತಿದ್ದಿ ಮಾಡಿದ್ದು ಅಂತ ಬರೆದರು. ಚೊಂಬನ್ನು ಅಷ್ಟು ಹತ್ತಿರದಿಂದ ನೋಡಿದ ಕಣ್ಣೇ ಮುಂದೆ ಕೈಯ ಚರ್ಮದೊಳಗೆ ಇಳಿದಿದ್ದು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಈಗ ನಿಮ್ಮ ತಲೆಯಲ್ಲಿ ಇವೆರಡೂ ಒಂದಾಗಿದ್ದು ಹೇಗೆ? ಒಂದು ಕಾರಣ, ಕಥೆ ಒಂದೇ ಥರ ಇರುವುದು. ಆದರೆ ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ ಇನ್ನೊಂದಿದೆ. ಅದು ತಲೆಯೊಳಗಿನದಲ್ಲ, ಡಬ್ಬಿಯೊಳಗಿನದು.

16 ಎಂಎಂ ಫಿಲಂನಲ್ಲಿ ಒಂದು ಅಡಿಗೆ 40 ಚೌಕಗಳು, ಅಂದರೆ 40 ಬಿಡಿ ಚಿತ್ರಗಳು. ಸೆಕೆಂಡಿಗೆ 24 ಚೌಕ ಓಡುತ್ತವೆ. ಅಂದರೆ ನಿಮಿಷಕ್ಕೆ 36 ಅಡಿ. 8 ನಿಮಿಷದ ದೋಣಿ ಚಿತ್ರ 288 ಅಡಿ, 9 ನಿಮಿಷದ ಹುಲ್ಲಿನ ಚಿತ್ರ 324 ಅಡಿ. ಎರಡೂ ಸೇರಿ 612 ಅಡಿ. ಆಗ 800 ಅಡಿಯ ರೀಲು ಎಲ್ಲ ಕಡೆ ಇರುತ್ತಿತ್ತು. ಒಂದೊಂದು ಚಿಕ್ಕ ಚಿತ್ರಕ್ಕೂ ಫಿಲಂ ತೆಗೆದು, ಮತ್ತೆ ಎಳೆ ಹಾಕಿ, ದೀಪ ಆರಿಸಿ ಹಚ್ಚಿ ಮಾಡುತ್ತಾ ಕೂತರೆ ಪೀರಿಯಡ್ ಮುಗಿದುಹೋಗುತ್ತದೆ. ಅದಕ್ಕೇ ಒಂದೇ ವಿಷಯದ ಎರಡು ಮೂರು ಚಿತ್ರಗಳನ್ನು ಟೇಪಿನಿಂದ ಬೆಸೆದು ಒಂದೇ ರೀಲಿಗೆ ಸುತ್ತಿಡುತ್ತಿದ್ದರು. ನಾನೇ ಎಷ್ಟೋ ರೀಲುಗಳನ್ನು ಹೀಗೆ ಬೆಸೆದಿದ್ದೇನೆ. ಬ್ಲೇಡಿನಲ್ಲಿ ಎರಡೂ ತುದಿ ನೇರ ಕತ್ತರಿಸಿ, ತೂತಿಗೆ ತೂತು ಹೊಂದಿಸಿ, ಪಾರದರ್ಶಕ ಟೇಪು ಹಚ್ಚಿ, ಉಗುರಿನಲ್ಲಿ ಉಜ್ಜಬೇಕು. ಗಾಳಿಗುಳ್ಳೆ ಉಳಿದರೆ ಪ್ರೊಜೆಕ್ಟರಿನ ಬಾಯಲ್ಲಿ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಬೆಸೆಯುವಾಗ ಒಂದರ ಕೊನೆಯ ಹೆಸರುಗಳು, ಇನ್ನೊಂದರ ಶುರುವಿನ ಹೆಸರುಗಳು ಎಷ್ಟೋ ಸಲ ಕತ್ತರಿಸಿಹೋಗುತ್ತಿದ್ದವು. ಹೆಸರೇ ಇಲ್ಲದೆ ಒಂದು ಚಿತ್ರದ ಬಾಲಕ್ಕೆ ಇನ್ನೊಂದರ ತಲೆ ಕೂತರೆ, ಹದಿಮೂರು ವರ್ಷದ ಹುಡುಗನಿಗೆ ಅದು ಒಂದೇ ಸಿನಿಮಾ. ನಿಮ್ಮ ತಪ್ಪೇನೂ ಇಲ್ಲ.

ಇಂಥ ಚಿತ್ರಗಳು ಹಳ್ಳಿಯ ಶಾಲೆಯವರೆಗೆ ಬರುತ್ತಿದ್ದದ್ದು ಹಲವು ದಾರಿಗಳಿಂದ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1965ರಲ್ಲಿ ಶುರುವಾದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ವಿಜ್ಞಾನದ ಚಿತ್ರ ತೋರಿಸುತ್ತಿದ್ದರು, ಅದರ ವಿಜ್ಞಾನದ ಬಸ್ಸು ಊರೂರಿಗೆ ಹೋಗುತ್ತಿತ್ತು. ಬೇರೆ ದೇಶಗಳ ಸಾಂಸ್ಕೃತಿಕ ಕೇಂದ್ರಗಳು ಕೇಳಿದವರಿಗೆ ಫಿಲಂ ಎರವಲು ಕೊಡುತ್ತಿದ್ದವು. ಮೇಷ್ಟ್ರು ಒಬ್ಬರು ಮನಸ್ಸು ಮಾಡಿದರೆ ಬಸ್ಸಿನ ಟಾಪಿನ ಮೇಲೆ ಪ್ರೊಜೆಕ್ಟರ್ ಕಟ್ಟಿಸಿ ತರುತ್ತಿದ್ದರು. ನಿಮ್ಮ ಮೇಷ್ಟ್ರು ಮನಸ್ಸು ಮಾಡಿದವರು.

ಇನ್ನು ಗುಲಾಬಿ ನದಿ. ಇದನ್ನು ಓದಿದ ಕೂಡಲೇ ನನಗೆ ಖುಷಿಯಾಯಿತು. ಆ ಕಾಲದ ಕಲರ್ ಪ್ರಿಂಟುಗಳಲ್ಲಿ ಮೂರು ಬಣ್ಣದ ಪದರ ಇರುತ್ತಿತ್ತು. ನೀಲಿ-ಹಸಿರು, ಕೆಂಪು-ನೇರಳೆ, ಹಳದಿ. ಡಬ್ಬಿಯೊಳಗೆ ಕತ್ತಲಲ್ಲಿ ಇಟ್ಟರೂ ಮೊದಲು ಮಾಸುವುದು ನೀಲಿ-ಹಸಿರು. ಅದು ಹೋಯಿತು ಅಂದರೆ ಆಕಾಶ, ನೀರು, ಮರ ಎಲ್ಲ ಗುಲಾಬಿ. ಸೆಕೆ, ತೇವ ಇದ್ದರೆ ಇನ್ನೂ ಬೇಗ. ಮಲೆನಾಡಿನ ಮಳೆಯಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಫಿಲಂ ಕಥೆ ಏನು. ದೋಣಿಯದು 1968ರ ಚಿತ್ರ, ಪ್ರಿಂಟು ಹಳೆಯದಾಗಿ ಮಾಸಿರಬೇಕು. ಹುಲ್ಲು ಮಾತ್ರ ಹಸಿರೇ ಇತ್ತು ಅಂದಿರಿ. ಅದು ಒಂಬತ್ತು ವರ್ಷ ಚಿಕ್ಕ ಚಿತ್ರ, ಪ್ರಿಂಟಿನ ಬಣ್ಣ ಇನ್ನೂ ಉಳಿದಿರಬೇಕು. ಒಂದೇ ಸಿನಿಮಾ ಆಗಿದ್ದರೆ ನದಿ ಗುಲಾಬಿಯಾಗಿ ಹುಲ್ಲು ಹಸಿರಾಗಿ ಉಳಿಯುವುದು ಸಾಧ್ಯವಿಲ್ಲ. ಎರಡು ಚಿತ್ರ ಅಂತ ನಾನು ಗಟ್ಟಿಯಾಗಿ ಹೇಳುವುದು ಈ ಬಣ್ಣದ ಮೇಲೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಜನ ತಾವು ಹುಡುಕುತ್ತಿದ್ದ ಚಿತ್ರವೇ ಎದುರಿಗೆ ಬಂದಾಗ ‘ಇದಲ್ಲ’ ಅಂತ ಮುಚ್ಚಿಬಿಡುತ್ತಾರೆ. ಈಗ ಅಂತರ್ಜಾಲದಲ್ಲಿ ಇರುವುದು ಒಳ್ಳೆಯ ಪ್ರತಿಯಿಂದ ತೆಗೆದದ್ದು. ಅಲ್ಲಿ ನಿಮ್ಮ ನದಿ ಗುಲಾಬಿಯಾಗಿ ಇರುವುದಿಲ್ಲ. ಪ್ರೊಜೆಕ್ಟರಿನ ಕಟಕಟ ಸದ್ದು ಇರುವುದಿಲ್ಲ. ಪಂಚೆಯ ಸುಕ್ಕಿನಲ್ಲಿ ಭೂಮಿ ಡೊಂಕಾಗಿ ಕಾಣುವುದಿಲ್ಲ. ಬಣ್ಣ ನೋಡಿ ತಳ್ಳಿಹಾಕಬೇಡಿ. ಆಕಾರ ನೋಡಿ, ಯಾವುದರ ನಂತರ ಯಾವುದು ಬರುತ್ತದೆ ಅಂತ ನೋಡಿ.

ಸಿಡಿದ ನಕ್ಷತ್ರದ ವಿಷಯ ಹೇಳಲು ಸ್ವಲ್ಪ ಬೇಸರ. ಅದು ನಕ್ಷತ್ರ ಅಲ್ಲ. ಎರಡೂ ಚಿತ್ರಗಳಲ್ಲಿ ಕಂದು ಗುಳ್ಳೆಯಾಗಿ ಸಿಡಿಯುವ ನಕ್ಷತ್ರ ಇಲ್ಲ. ನೀವು ನೋಡಿದ್ದು ಫಿಲಂ ಸುಡುವುದನ್ನು. ಅಂಚಿನ ತೂತು ಹರಿದರೆ ಫಿಲಂ ಮುಂದೆ ಹೋಗದೆ ಒಂದೇ ಚೌಕ ದೀಪದ ಎದುರು ನಿಂತುಬಿಡುತ್ತದೆ. ಆ ದೀಪದ ಶಾಖಕ್ಕೆ ಒಂದೆರಡು ಸೆಕೆಂಡು ಸಾಕು. ನಡುವೆ ಒಂದು ಕಂದು ಚುಕ್ಕೆ ಹುಟ್ಟುತ್ತದೆ, ಹಾಲು ಉಕ್ಕುವ ಹಾಗೆ ಅಂಚಿಗೆ ಹರಡುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ಬರೀ ಬಿಳಿ ಬೆಳಕು. 16 ಎಂಎಂ ಫಿಲಂಗೆ ಬೆಂಕಿ ಹತ್ತಿಕೊಳ್ಳುವುದಿಲ್ಲ, ಕರಗುತ್ತದೆ ಅಷ್ಟೇ. ಅದರ ವಾಸನೆ ಒಂದು ಥರ ಹುಳಿ ಹುಳಿ. ಮೊದಲ ಸಲ ನನ್ನ ಕೈಯಲ್ಲಿ ಹೀಗಾದಾಗ ನಾನು ಗಾಬರಿಯಾಗಿ ಸ್ವಿಚ್ ಹುಡುಕುತ್ತಿದ್ದೆ, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೂ ಅದು ಚಿತ್ರದ ಭಾಗವೇ ಆಗಿತ್ತು. ನಿಮಗೆ ಇದು ಆಗಿದ್ದು ನಕ್ಷತ್ರಗಳ ನಡುವೆ. ಕಪ್ಪು ಆಕಾಶದಲ್ಲಿ ಒಂದು ಬೆಳಕಿನ ಚುಕ್ಕೆ ಇದ್ದ ಜಾಗದಲ್ಲಿ ಆ ಗುಳ್ಳೆ ಎದ್ದರೆ ಯಾರಿಗಾದರೂ ನಕ್ಷತ್ರ ಸಿಡಿದ ಹಾಗೇ ಕಾಣುತ್ತದೆ. ಆ ದೃಶ್ಯ ಜಗತ್ತಿನ ಬೇರೆ ಯಾವ ಪ್ರತಿಯಲ್ಲೂ ಇಲ್ಲ. ಆವತ್ತು ಆ ಕೋಣೆಯಲ್ಲಿ ಕೂತಿದ್ದವರು ಮಾತ್ರ ನೋಡಿದ್ದಾರೆ.

ಈಗ ತಿಮಿಂಗಿಲ.

ಇದಕ್ಕೆ ಉತ್ತರ ನನಗೆ ನಿಮ್ಮ ಪತ್ರ ಓದುವಾಗಲೇ ಹೊಳೆದಿತ್ತು. ಆದರೂ ನೇರವಾಗಿ ಹೇಳಲಿಲ್ಲ. ‘ಹೀಗಿತ್ತಾ?’ ಅಂತ ಕೇಳಿದರೆ ಎಷ್ಟೋ ಸಲ ‘ಹೌದು, ಹಾಗೇ ಇತ್ತು’ ಅನ್ನುವ ನೆನಪು ಆ ಪ್ರಶ್ನೆಯಿಂದಲೇ ಹುಟ್ಟಿಬಿಡುತ್ತದೆ. ಹುಡುಕುವವರು ಮಾಡುವ ದೊಡ್ಡ ತಪ್ಪು ಇದು. ಹಳೆಯ ಸಹಪಾಠಿಗಳನ್ನು ಕೇಳುವಾಗಲೂ ಇದು ನೆನಪಿರಲಿ. ಎಲ್ಲರನ್ನೂ ಒಂದೇ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ಮೊದಲು ಬರೆದವನ ನೆನಪೇ ಎಲ್ಲರ ನೆನಪಾಗುತ್ತದೆ. ಒಬ್ಬೊಬ್ಬರನ್ನೇ ಕೇಳಿ, ನೀವು ಏನೂ ಹೇಳದೆ ಕೇಳಿ.

ಹಾಗಾಗಿ ನಾನು ನಿಮಗೆ ಎರಡೇ ಪ್ರಶ್ನೆ ಬರೆದು ಕಳಿಸಿದ್ದೆ: ಆ ತಿಮಿಂಗಿಲ ಅಲುಗಾಡುತ್ತಿತ್ತಾ? ಯಾವ ಬಣ್ಣ? ನಿಮ್ಮ ಉತ್ತರ ಹೀಗಿತ್ತು: ‘ಅಲುಗಾಡಲಿಲ್ಲ. ಬಣ್ಣ ಇರಲಿಲ್ಲ. ಪಕ್ಕದಲ್ಲಿ ಮೇಷ್ಟ್ರ ಹೆಬ್ಬೆರಳಿತ್ತು.’

ಪರದೆಯ ಮೇಲೆ ಮೇಷ್ಟ್ರ ಹೆಬ್ಬೆರಳು ಇರುವುದಿಲ್ಲ. ಅದು ಇರುವುದು ಪುಸ್ತಕದ ಪುಟದ ಮೇಲೆ.

ನೆದರ್‌ಲೆಂಡ್ಸ್‌ನಲ್ಲಿ ಕೇಸ್ ಬೂಕೆ ಅಂತ ಒಬ್ಬ ಮೇಷ್ಟ್ರಿದ್ದರು. 1926ರಲ್ಲಿ ಬಿಲ್ಟ್‌ಹೋವೆನ್ ಅನ್ನುವ ಊರಿನಲ್ಲಿ ತಮ್ಮದೇ ಒಂದು ಶಾಲೆ ಶುರುಮಾಡಿದವರು. ಅಲ್ಲಿ ಮಕ್ಕಳೂ ಮೇಷ್ಟ್ರೂ ಕೂತು ಮಾತಾಡಿ ಶಾಲೆಯ ನಿಯಮ ಮಾಡುತ್ತಿದ್ದರು. ಮಕ್ಕಳಿಗೆ ಅಳತೆಯ ಅಂದಾಜು ಬರಲಿ ಅಂತ ಅವರು ಶಾಲೆಯಲ್ಲಿ ಒಂದು ಕೆಲಸ ಹಚ್ಚಿದರು. ಒಂದೇ ಜಾಗವನ್ನು ಹತ್ತು ಹತ್ತು ಪಟ್ಟು ದೂರದಿಂದ ಬರೆಯುತ್ತಾ ಹೋಗುವುದು. ಅದೇ ಮುಂದೆ ಪುಸ್ತಕವಾಯಿತು. 1957ರಲ್ಲಿ ಇಂಗ್ಲಿಷಿನಲ್ಲಿ ‘ಕಾಸ್ಮಿಕ್ ವ್ಯೂ’ ಅನ್ನುವ ಹೆಸರಿನಲ್ಲಿ ಬಂತು, 40 ಜಿಗಿತಗಳಲ್ಲಿ ವಿಶ್ವ ಅಂತ ಅದರ ಉಪಶೀರ್ಷಿಕೆ. ಈಮ್ಸ್ ದಂಪತಿ ತಮ್ಮ ಚಿತ್ರ ಮಾಡಿದ್ದು ಇದನ್ನು ಓದಿ. ಕೆನಡಾದ ದೋಣಿ ಚಿತ್ರದ ಬೇರೂ ಇದೇ. ನೀವು ನೋಡಿದ ಎರಡೂ ಚಿತ್ರ ಒಂದೇ ತಾಯಿಯ ಮಕ್ಕಳು.

ಪುಸ್ತಕದ ಮೊದಲ ಚಿತ್ರದಲ್ಲಿ ಒಬ್ಬ ಹುಡುಗಿ ಮಡಿಚುವ ಕುರ್ಚಿಯಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಬೆಕ್ಕು. ಹತ್ತು ಪಟ್ಟು ಹಿಂದೆ ಸರಿದರೆ ಅವಳು ಕೂತಿರುವುದು ಶಾಲೆಯ ಅಂಗಳ ಅಂತ ಗೊತ್ತಾಗುತ್ತದೆ. ಆ ಅಂಗಳದಲ್ಲಿ, ಅವಳಿಂದ ಸ್ವಲ್ಪ ಆಚೆಗೆ, ಒಂದು ತಿಮಿಂಗಿಲ ಮಲಗಿದೆ. ಸುಮ್ನೆ ಅಲ್ಲ. ಮಕ್ಕಳಿಗೆ ಗೊತ್ತಿರುವ ಪ್ರಾಣಿಗಳಲ್ಲೆಲ್ಲ ದೊಡ್ಡದು ಅದು. ಹುಡುಗಿಯ ಪಕ್ಕ ಅದನ್ನು ಇಟ್ಟರೆ ಅಳತೆ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಜಿಗಿತದಲ್ಲಿ ಆ ತಿಮಿಂಗಿಲವೂ ಮೀನಿನ ಮರಿಯಷ್ಟಾಗುತ್ತದೆ. ಕಪ್ಪು-ಬಿಳುಪು ಚಿತ್ರ. ಅಲುಗಾಡುವುದಿಲ್ಲ.

ಅಂದರೆ ನಿಮ್ಮ ಮೇಷ್ಟ್ರು ರೀಲು ತರಿಸಿದ್ದಷ್ಟೇ ಅಲ್ಲ, ಆ ಪುಸ್ತಕವನ್ನೂ ಎಲ್ಲಿಂದಲೋ ಸಂಪಾದಿಸಿದ್ದರು. ಸಿನಿಮಾಕ್ಕೆ ಮೊದಲೋ, ಫಿಲಂ ಸುಟ್ಟು ಸರಿಮಾಡುವ ಹೊತ್ತಿನಲ್ಲೋ, ಬೆಂಚಿನಿಂದ ಬೆಂಚಿಗೆ ಹಿಡಿದು ತೋರಿಸಿದ್ದಾರೆ. ಪುಟ ಮಡಿಚಿಕೊಳ್ಳದಿರಲಿ ಅಂತ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದಾರೆ. ಎರಡು ಚಿತ್ರಗಳನ್ನು ಒಂದು ರೀಲಿನಲ್ಲಿ ತೋರಿಸಿ, ಅವುಗಳ ಮೂಲವನ್ನೂ ಮಕ್ಕಳ ಕಣ್ಣಿಗೆ ಹಾಕಿದ ಆ ಮೇಷ್ಟ್ರ ತಯಾರಿ ನೋಡಿ ನನಗೆ ಕೈ ಮುಗಿಯಬೇಕು ಅನ್ನಿಸಿತು. ನಾನು ಅಷ್ಟು ವರ್ಷ ಈ ಚಿತ್ರ ತೋರಿಸಿದರೂ ಪುಸ್ತಕವನ್ನು ಕ್ಲಾಸಿಗೆ ಒಯ್ದಿರಲಿಲ್ಲ.

ಎರಡೂ ಚಿತ್ರಗಳು ಈಗ ಪುಕ್ಕಟೆ ಸಿಗುತ್ತವೆ. ದೋಣಿಯದು ಕೆನಡಾದ ಫಿಲ್ಮ್ ಬೋರ್ಡಿನ ಜಾಲತಾಣದಲ್ಲಿದೆ, ಹುಲ್ಲಿನದು ಈಮ್ಸ್ ಕಚೇರಿಯವರ ಯೂಟ್ಯೂಬ್ ಚಾನೆಲ್‌ನಲ್ಲಿದೆ. ಫೋನಿನಲ್ಲಿ ನೋಡಬೇಡಿ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ, ಕಿಟಕಿ ಮುಚ್ಚಿ ನೋಡಿ. ಮೊದಲು ದೋಣಿ, ಆಮೇಲೆ ಹುಲ್ಲು. ಎರಡನೆಯದರಲ್ಲಿ ಭೂಮಿ ಚಿಕ್ಕದಾಗಿ ಚಂದ್ರನ ದಾರಿ ಕಂಡಾಗ ಗಡಿಯಾರ ನೋಡಿಕೊಳ್ಳಿ. ಬೂಕೆಯವರ ಪುಸ್ತಕದ ಚಿತ್ರಗಳೂ ಹುಡುಕಿದರೆ ಸಿಗುತ್ತವೆ. ಹುಡುಗಿ ಬೆಕ್ಕು ಹಿಡಿದು ಕೂತ ಪುಟ ತೆಗೆದು, ಅದರ ಮುಂದಿನ ಪುಟವನ್ನು ಮನೆಯವರಿಗೆ ತೋರಿಸಿ.